ಮೇಲಿನಿಂದಲೇ ಏಕೆ? ಡ್ರೋನ್ ಛಾಯಾಚಿತ್ರ ಸ್ಪರ್ಧೆಗೆ ನಾನು ಸಿದ್ಧನಾದ ಬಗೆ

ಅಂತರರಾಷ್ಟ್ರೀಯ ಡ್ರೋನ್ ಛಾಯಾಚಿತ್ರ ಸ್ಪರ್ಧೆಗೆ ಚಿತ್ರ ಕಳಿಸೋಣ ಎಂದುಕೊಂಡಾಗ ನಾನು ಡ್ರೋನನ್ನು ಮುಟ್ಟಲೇ ಇಲ್ಲ. ಹಿಂದಿನ ವರ್ಷಗಳಲ್ಲಿ ಬಹುಮಾನ ಪಡೆದ ಚಿತ್ರಗಳನ್ನು ಕೂತು ನೋಡಿದೆ. ಇಟಲಿಯ ಸಿಯೆನಾದಲ್ಲಿ 2018ರಿಂದ ನಡೆಯುತ್ತಿರುವ ಡ್ರೋನ್ ಪ್ರಶಸ್ತಿಗಳ ಪಟ್ಟಿ ಈ ಕೆಲಸಕ್ಕೆ ತುಂಬ ಅನುಕೂಲ. 2020ರಲ್ಲಿ ಅಲ್ಲಿ ವರ್ಷದ ಚಿತ್ರವೆನಿಸಿದ್ದು ಆಸ್ಟ್ರೇಲಿಯಾದ ಜಿಮ್ ಪೀಕೊ ಅವರದು: ಸಾಲ್ಮನ್ ಮೀನಿನ ಹಿಂಡಿನೊಳಗೆ ನುಗ್ಗಿದ ಶಾರ್ಕ್, ಅದರಿಂದ ದೂರ ಸರಿಯುತ್ತ ಹೃದಯದ ಆಕಾರ ತಳೆದ ಹಿಂಡು. 2021ರದು ನಾರ್ವೆಯ ಟೆರ್ಯೆ ಕೊಲಾಸ್ ಅವರದು: ಹಿಮ ಮುಚ್ಚಿದ ನೆಲದ ಮೇಲೆ ಹಾರಿ ಹೋಗುತ್ತಿರುವ ಹೆಬ್ಬಾತುಗಳ ಗುಂಪು, ಅವುಗಳಿಗಿಂತ ಮೇಲಿನಿಂದ. ದಡದಲ್ಲಿ ನಿಂತವನಿಗೆ ಮೊದಲನೆಯದು ನೀರಿನಲ್ಲೊಂದು ಕಪ್ಪು ಕಲೆ ಅಷ್ಟೇ. ನೆಲದ ಮೇಲಿದ್ದವನಿಗೆ ಎರಡನೆಯದರಲ್ಲಿ ಕಾಣುವುದು ಹೆಬ್ಬಾತುಗಳ ಹೊಟ್ಟೆ.

ಅಂದರೆ ಈ ಚಿತ್ರಗಳಿಗೆ ಎತ್ತರ ಅನಿವಾರ್ಯ. ನನ್ನ ಸಂಗ್ರಹದಲ್ಲಿದ್ದ ಬಹುಪಾಲು ಚಿತ್ರಗಳಿಗೆ ಅದು ಅಲಂಕಾರ ಮಾತ್ರ ಆಗಿತ್ತು. ಕಾಡಿನ ನಡುವೆ ಹಾವಿನಂತೆ ಸಾಗುವ ರಸ್ತೆ, ನೊರೆಯ ಅಂಚಿರುವ ಕಡಲತೀರ, ಮಂಜಿನಲ್ಲಿ ಮುಳುಗಿದ ಗುಡ್ಡ. ಚೆನ್ನಾಗಿವೆ, ಸರಿ. ಆದರೆ ತೀರ್ಪುಗಾರರು ಇಂಥವನ್ನು ಎಷ್ಟು ನೋಡಿರಬಹುದು ಎಂದು ಯೋಚಿಸಿದರೆ ಸಾಕು, ಉತ್ಸಾಹ ಇಳಿಯುತ್ತದೆ. 1858ರಲ್ಲಿ ಫ್ರಾನ್ಸಿನ ಛಾಯಾಗ್ರಾಹಕ ನಾಡಾರ್ ಬಲೂನ್ ಏರಿ ಕ್ಯಾಮೆರಾ ಹಿಡಿದಾಗ ಎತ್ತರವೇ ಸುದ್ದಿ. ಆ ಚಿತ್ರ ಉಳಿದಿಲ್ಲ. ಈಗ ಉಳಿದಿರುವುದರಲ್ಲಿ ಅತಿ ಹಳೆಯದು 1860ರಲ್ಲಿ ಜೇಮ್ಸ್ ವಾಲೇಸ್ ಬ್ಲ್ಯಾಕ್ ಬೋಸ್ಟನ್ ನಗರದ ಮೇಲಿಂದ ತೆಗೆದದ್ದು. ಅವರ ಕಾಲದ ಬೆರಗು ಇವತ್ತು ಯಾರ ಬ್ಯಾಗಿನಲ್ಲೂ ಸಿಗುತ್ತದೆ. ಹಾಗಾಗಿ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಲು ಶುರುಮಾಡಿದೆ: ಇದನ್ನು ಮೇಲಿನಿಂದಲೇ ಏಕೆ ನೋಡಬೇಕು?

ಈ ಪ್ರಶ್ನೆಗೆ ನೇರ ಉತ್ತರ ಕೊಟ್ಟ ವಸ್ತು ಉಪ್ಪಿನಾಗರ. ನೆಲದ ಮೇಲೆ ನಿಂತರೆ ಅದು ಬದುಗಳ ನಡುವೆ ಹೊಳೆಯುವ ನೀರು. ಮೇಲೆ ಹೋದರೆ ಒಂದೊಂದು ಪಾತಿಗೂ ಒಂದೊಂದು ಬಣ್ಣ. ನೀರು ಆವಿಯಾಗುತ್ತ ಪಾತಿಯಿಂದ ಪಾತಿಗೆ ಲವಣಾಂಶ ಏರುತ್ತದೆ; ಏರಿದಂತೆಲ್ಲ ಅದರಲ್ಲಿ ಬದುಕುವ ಜೀವಿಗಳೂ ಬದಲಾಗುತ್ತವೆ. ತೀರಾ ಉಪ್ಪಾದ ನೀರಿನಲ್ಲಿ ಡುನಾಲಿಯೆಲ್ಲಾ ಎಂಬ ಪಾಚಿ ಮತ್ತು ಉಪ್ಪನ್ನೇ ಇಷ್ಟಪಡುವ ಸೂಕ್ಷ್ಮಜೀವಿಗಳು ಗುಲಾಬಿ, ಕೆಂಪು ಬಣ್ಣ ತರುತ್ತವೆ. ಉಪ್ಪು ತಯಾರಾಗುವ ಇಡೀ ಕ್ರಮ ಒಂದೇ ಚೌಕಟ್ಟಿನಲ್ಲಿ ಬಣ್ಣವಾಗಿ ಕಾಣುತ್ತದೆ. ಅದರ ನಡುವೆ ಉಪ್ಪು ಎಳೆಯುವ ಮನುಷ್ಯ.

ಆ ಮನುಷ್ಯನೇ ಎತ್ತರವನ್ನು ತೀರ್ಮಾನಿಸಿದ್ದು. ಅನೇಕ ದೇಶಗಳಲ್ಲಿ ಸಾಮಾನ್ಯ ಹಾರಾಟಕ್ಕೆ 120 ಮೀಟರ್ ಮಿತಿ ಇದೆ. ಮಿತಿ ಇದೆ ಎಂದ ಕೂಡಲೇ ಅಲ್ಲಿಯವರೆಗೂ ಹೋಗಬೇಕೆನ್ನಿಸುವುದು ಮನುಷ್ಯ ಸ್ವಭಾವ. ಆದರೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. 24 ಮಿ.ಮೀ. ಸಮಾನ (35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ) ಲೆನ್ಸಿನ, 4:3 ಅನುಪಾತದ ಕ್ಯಾಮೆರಾವನ್ನು ನೇರ ಕೆಳಕ್ಕೆ ತಿರುಗಿಸಿದರೆ ಚೌಕಟ್ಟಿನಲ್ಲಿ ಸಿಗುವ ನೆಲದ ಅಗಲ ಎತ್ತರದ ಸುಮಾರು 1.44 ಪಟ್ಟು. 120 ಮೀಟರಿನಿಂದ 173 ಮೀಟರ್ ನೆಲ, 40 ಮೀಟರಿನಿಂದ 58 ಮೀಟರ್. ಸ್ಪರ್ಧೆಗೆ ಚಿತ್ರವನ್ನು 3000 ಪಿಕ್ಸೆಲ್ ಅಗಲಕ್ಕೆ ಇಳಿಸಿ ಕಳಿಸುತ್ತೀರಿ ಎಂದಿಟ್ಟುಕೊಳ್ಳೋಣ. ಭುಜದಿಂದ ಭುಜಕ್ಕೆ 45 ಸೆಂ.ಮೀ. ಇರುವ ಮನುಷ್ಯ 120 ಮೀಟರಿನ ಚಿತ್ರದಲ್ಲಿ ಎಂಟು ಪಿಕ್ಸೆಲ್, 40 ಮೀಟರಿನದರಲ್ಲಿ ಇಪ್ಪತ್ಮೂರು. ಮೊದಲ ಸುತ್ತಿನಲ್ಲಿ ಯಾರಾದರೂ 1000 ಪಿಕ್ಸೆಲ್ಲಿನ ಚಿಕ್ಕ ರೂಪ ನೋಡಿದರೆ ಮೊದಲನೆಯವನು ಮೂರು ಪಿಕ್ಸೆಲ್ಲೂ ಇರುವುದಿಲ್ಲ. ಅವನು ಅಲ್ಲಿ ಇದ್ದಾನೆಂದು ತೆಗೆದವರಿಗೆ ಮಾತ್ರ ಗೊತ್ತಿರುತ್ತದೆ.

ಹೀಗಾಗಿ ಕೆಳಗೆ ಇಳಿಯುತ್ತ ಬಂದೆ. 40 ಮೀಟರಿನ ಆಸುಪಾಸಿನಲ್ಲಿ ಮೈಯ ಭಂಗಿ ಕಾಣುತ್ತದೆ, ಉಪ್ಪು ಎಳೆಯುವ ಹಲಗೆಯ ಹಿಡಿ ಕಾಣುತ್ತದೆ, ಪಾತಿಗಳ ವಿನ್ಯಾಸವೂ ಉಳಿಯುತ್ತದೆ. ಇನ್ನೂ ಇಳಿದರೆ ಬಣ್ಣದ ಕ್ರಮ ಒಡೆದುಹೋಗುತ್ತದೆ, ಸದ್ದು ಕೆಲಸದವರಿಗೆ ಕಿರಿಕಿರಿಯಾಗುತ್ತದೆ. ಹಾರಿಸುವ ಮುಂಚೆ ಅವರ ಹತ್ತಿರ ಹೋಗಿ ಏನು ಮಾಡುತ್ತೇನೆಂದು ಹೇಳಿ, ಒಪ್ಪಿಗೆ ಪಡೆದಿದ್ದೆ. ಮುಖ ಗುರುತು ಸಿಗದಿದ್ದರೂ ಇದು ಬೇಕು. ಜನರ ನೆತ್ತಿಯ ಮೇಲೆ ಹಾರಿಸಲು ಹಲವು ಕಡೆ ನಿರ್ಬಂಧವೂ ಇದೆ. ಅದನ್ನು ಪಾಲಿಸಲು ಡ್ರೋನನ್ನು ಖಾಲಿ ಪಾತಿಯ ಮೇಲೆ ನಿಲ್ಲಿಸಿ, ಕೆಲಸದವರನ್ನು ಚೌಕಟ್ಟಿನ ಅಂಚಿನ ಕಡೆಗೆ ಇಟ್ಟುಕೊಂಡೆ. ನಿಯಮಕ್ಕಾಗಿ ಮಾಡಿದ್ದು ಸಂಯೋಜನೆಗೂ ಒದಗಿತು. ನಟ್ಟನಡುವೆ ಮನುಷ್ಯನಿದ್ದ ಚಿತ್ರಗಳೆಲ್ಲ ಗುರಿ ಹಲಗೆಯಂತೆ ಕಾಣುತ್ತಿದ್ದವು.

ಎತ್ತರದ ನಂತರ ನೆರಳು. ನೇರ ಕೆಳಮುಖವಾಗಿ ನೋಡಿದಾಗ ಮನುಷ್ಯ ಎಂದರೆ ಒಂದು ತಲೆ, ಎರಡು ಭುಜ. ಅವನಿಗೆ ಆಕಾರ ಕೊಡುವುದು ಅವನ ನೆರಳು. ಸೂರ್ಯ ದಿಗಂತದಿಂದ 30 ಡಿಗ್ರಿ ಮೇಲಿದ್ದರೆ ಐದೂವರೆ ಅಡಿ ಆಳಿನ ನೆರಳು ಮೂರು ಮೀಟರಿನೊಳಗೆ. 15 ಡಿಗ್ರಿಯಲ್ಲಿದ್ದರೆ ಆರು ಮೀಟರ್ ದಾಟುತ್ತದೆ. 10 ಡಿಗ್ರಿಯಲ್ಲಿ ಒಂಬತ್ತರ ಮೇಲೆ. ಸಮಭಾಜಕದ ಹತ್ತಿರದ ನಾಡುಗಳಲ್ಲಿ ಸೂರ್ಯ ಗಂಟೆಗೆ ಸುಮಾರು 15 ಡಿಗ್ರಿ ಏರುವುದರಿಂದ ಈ ಅವಕಾಶ ಬೇಗ ಮುಗಿಯುತ್ತದೆ. ಉತ್ತರಕ್ಕೋ ದಕ್ಷಿಣಕ್ಕೋ ದೂರ ಹೋದಷ್ಟೂ ನಿಧಾನ. ನನಗೆ ಒಪ್ಪಿದ್ದು 15 ಡಿಗ್ರಿಯ ಆಚೀಚೆ. ಅದಕ್ಕಿಂತ ಮುಂಚೆ ಬದುಗಳ ನೆರಳೇ ಪಾತಿಯ ಬಣ್ಣವನ್ನು ನುಂಗುತ್ತಿತ್ತು.

ನೀರಿನ ವಿಷಯದಲ್ಲೂ ತಗ್ಗಿನ ಸೂರ್ಯನೇ ಲಾಭ. ನಿಂತ ನೀರಿನಲ್ಲಿ, ನೇರ ಕೆಳಗೆ ನೋಡುವ ಇಂಥ ಲೆನ್ಸಿಗೆ, ಸೂರ್ಯ ಸುಮಾರು 48 ಡಿಗ್ರಿಗಿಂತ ಕೆಳಗಿದ್ದರೆ ಅದರ ಪ್ರತಿಬಿಂಬ ಚೌಕಟ್ಟಿನೊಳಗೆ ಬೀಳುವುದೇ ಇಲ್ಲ. ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿದರೆ ಇನ್ನೂ ಚೆನ್ನ ಎಂದು ಹಲವರು ಹೇಳುತ್ತಾರೆ. ಓರೆ ನೋಟಕ್ಕೆ ಅದು ನಿಜ. ನೇರ ಕೆಳನೋಟದಲ್ಲಿ ನೀರು ಪ್ರತಿಫಲಿಸುವುದೇ ಶೇ. 2ರಷ್ಟು, ಅದೂ ಫಿಲ್ಟರ್ ತಡೆಯಬಲ್ಲಂತೆ ಧ್ರುವೀಕರಣಗೊಂಡಿರುವುದಿಲ್ಲ (ಒಂದೇ ದಿಕ್ಕಿನಲ್ಲಿ ಕಂಪಿಸುವುದಿಲ್ಲ). ಫಿಲ್ಟರ್ ಬೆಳಕನ್ನು ತಿಂದು ಶಟರ್ ಸ್ಪೀಡ್ ಇಳಿಸುತ್ತದೆ, ಅಷ್ಟೇ. ನಾನು ಹಾಕಲಿಲ್ಲ. ಐಎಸ್‌ಒ 100, ರಾ ಫೈಲ್ (ಕ್ಯಾಮೆರಾ ದಾಖಲಿಸಿದ ಸಂಸ್ಕರಿಸದ ಮೂಲ ಚಿತ್ರ), ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮಿನ ಬಲಗಡೆ ಉಪ್ಪಿನ ರಾಶಿ ಸುಟ್ಟುಹೋಗದಷ್ಟು ಜಾಗ. ಶಟರ್ ಸ್ಪೀಡನ್ನು 1/200 ಸೆಕೆಂಡಿಗಿಂತ ಕೆಳಗೆ ಇಳಿಸಲಿಲ್ಲ. ಆ ವೇಗದಲ್ಲಿ, ಸೆಕೆಂಡಿಗೆ ಒಂದು ಮೀಟರ್ ಸರಿಯುವ ಹಲಗೆ ಅರ್ಧ ಸೆಂಟಿಮೀಟರ್ ಚಲಿಸುತ್ತದೆ. 20 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 40 ಮೀಟರಿನಿಂದ ಒಂದು ಪಿಕ್ಸೆಲ್ ಎಂದರೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಮಸುಕಾಗುವ ಪ್ರಶ್ನೆಯೇ ಇಲ್ಲ.

ಇನ್ನು ಆಯ್ಕೆ. ನನ್ನ ಮಟ್ಟಿಗೆ ಸ್ಪರ್ಧೆಯ ಅರ್ಧ ಕೆಲಸ ಇಲ್ಲೇ ಇತ್ತು. ಕೆಳನೋಟದ ಚಿತ್ರಕ್ಕೆ ಮೇಲೆ, ಕೆಳಗೆ ಎಂಬುದಿಲ್ಲ; ನಾಲ್ಕು ದಿಕ್ಕಿಗೂ ತಿರುಗಿಸಬಹುದು. ಸ್ವಾತಂತ್ರ್ಯ ಅನಿಸುತ್ತದೆ, ಆದರೆ ನೋಡುವ ಕಣ್ಣಿಗೆ ತನ್ನದೇ ಹಟವಿದೆ. ಬೆಳಕು ಮೇಲಿಂದ ಬರುತ್ತದೆಂದೇ ಅದು ಊಹಿಸುತ್ತದೆ. ನೆರಳು ಮೇಲ್ಮುಖವಾಗಿರುವಂತೆ ಚಿತ್ರ ಇಟ್ಟರೆ ಉಪ್ಪಿನ ರಾಶಿ ಗುಂಡಿಯಾಗಿಬಿಡುತ್ತದೆ, ಬದು ಕಾಲುವೆಯಾಗುತ್ತದೆ. ಆದರೆ ಹಾಗೆ ಇಟ್ಟಾಗಲೇ ಮನುಷ್ಯರ ನೆರಳು ನೆಟ್ಟಗೆ ನಿಂತ ಆಳಿನಂತೆ ಕಾಣುವುದು! ಅಮೆರಿಕದ ಛಾಯಾಗ್ರಾಹಕ ಜಾರ್ಜ್ ಸ್ಟೈನ್‌ಮೆಟ್ಜ್ ಮೇಲಿಂದ ತೆಗೆದ ಪ್ರಸಿದ್ಧ ಒಂಟೆಗಳ ಚಿತ್ರದಲ್ಲಿ ಮರಳ ಮೇಲೆ ನಡೆಯುವಂತೆ ತೋರುವ ಕಪ್ಪು ಒಂಟೆಗಳೆಲ್ಲ ನೆರಳುಗಳು. ನಿಜವಾದ ಒಂಟೆಗಳು ಅವುಗಳ ಕಾಲಬುಡದಲ್ಲಿ ಸಣ್ಣ ಗೀಟುಗಳಂತಿವೆ. ನನಗೂ ಆ ಆಸೆ ಇತ್ತು. ರಾಶಿಗಳಿಲ್ಲದ ಚೌಕಟ್ಟಾಗಿದ್ದರೆ ಹಾಗೇ ಮಾಡುತ್ತಿದ್ದೆನೇನೋ. ಇಲ್ಲಿ ರಾಶಿ ಗುಂಡಿಯಾದರೆ ಕೆಲಸದ ಅರ್ಥವೇ ತಿರುಗುಮುರುಗು. ಕೊನೆಗೆ ಬೆಳಕು ಎಡ ಮೇಲ್ಮೂಲೆಯಿಂದ ಬರುವಂತೆ, ನೆರಳು ಬಲಕ್ಕೆ ಕೆಳಗೆ ಜಾರುವಂತೆ ಇಟ್ಟೆ. ತಿರುಗಿಸಿದ ರೂಪಗಳನ್ನೆಲ್ಲ ಫೋನಿನ ಪರದೆಯಲ್ಲಿ ಚಿಕ್ಕದಾಗಿಸಿ, ಛಾಯಾಗ್ರಹಣದ ಗೀಳಿಲ್ಲದ ಸ್ನೇಹಿತರಿಗೆ ತೋರಿಸಿ "ಇಲ್ಲಿ ಏನು ನಡೀತಿದೆ?" ಎಂದಷ್ಟೇ ಕೇಳಿದೆ. ಚೆನ್ನಾಗಿದೆಯಾ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ.

ನಿಯಮಾವಳಿಯನ್ನು ಮಾತ್ರ ಸಾಲು ಬಿಡದೆ ಓದಬೇಕು. ನಾನು ಮೊದಲು ನೋಡುವುದು ಹಕ್ಕಿನ ಷರತ್ತು. ಪ್ರದರ್ಶನ, ಕ್ಯಾಟಲಾಗ್, ಸ್ಪರ್ಧೆಯ ಪ್ರಚಾರಕ್ಕೆ ಬಳಸುತ್ತೇವೆ ಎಂದರೆ ನ್ಯಾಯ. ಗೆದ್ದರೂ ಸೋತರೂ ನಿಮ್ಮ ಚಿತ್ರವನ್ನು ಯಾವ ವಾಣಿಜ್ಯ ಉದ್ದೇಶಕ್ಕೂ ಶಾಶ್ವತವಾಗಿ, ಉಚಿತವಾಗಿ ಬಳಸುವ ಹಕ್ಕು ನಮ್ಮದು ಎಂದಿದ್ದರೆ ಅದು ಸ್ಪರ್ಧೆಯ ವೇಷದ ಚಿತ್ರಸಂಗ್ರಹ, ಪುಟ ಮುಚ್ಚಿಬಿಡುತ್ತೇನೆ. ಚಿತ್ರ ಎಷ್ಟು ಹಳೆಯದಿರಬಹುದು, ಹಲವು ಚಿತ್ರ ಹೊಲಿದ ಪನೋರಮಾ ನಡೆಯುತ್ತದೆಯೇ, ಸಹಿ ಅಥವಾ ವಾಟರ್‌ಮಾರ್ಕ್ ಇರಬಾರದೇ ಎಂಬುದು ಸ್ಪರ್ಧೆಯಿಂದ ಸ್ಪರ್ಧೆಗೆ ಬೇರೆ. ಹಾರಾಟ ಕಾನೂನುಬದ್ಧವಾಗಿತ್ತೆಂಬ ಹೊಣೆ ಸಾಮಾನ್ಯವಾಗಿ ಕಳಿಸಿದವರದೇ. ಎಡಿಟಿಂಗಿನಲ್ಲಿ ಬಣ್ಣ, ಕಾಂಟ್ರಾಸ್ಟ್, ಲೆನ್ಸ್ ಸರಿಪಡಿಸುವಿಕೆ, ಅಲ್ಪ ಕ್ರಾಪ್, ಅಷ್ಟಕ್ಕೇ ನಿಂತೆ. ಪಾತಿಯ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬ ಬಿದ್ದಿತ್ತು. ಅಳಿಸಲು ಕೈ ತುರಿಸಿತು. ಹಾಗೇ ಬಿಟ್ಟೆ, ಏಕೆಂದರೆ ಕೊನೆಯ ಸುತ್ತಿಗೆ ಬಂದವರಿಂದ ರಾ ಫೈಲ್ ತರಿಸಿ ಹೋಲಿಸುವ ರೂಢಿಯಿದೆ.

ವಿಭಾಗದ ಆಯ್ಕೆಗೆ ಮತ್ತೆ ಅದೇ ಪ್ರಶ್ನೆ ಸಹಾಯಕ್ಕೆ ಬಂತು. ಬಣ್ಣದ ಪಾತಿಗಳು ಅಮೂರ್ತ ವಿಭಾಗಕ್ಕೆ ಹೇಳಿ ಮಾಡಿಸಿದಂತಿದ್ದವು, ಆದರೆ ಅಲ್ಲಿಗೆ ಉಪ್ಪಿನಾಗರಗಳು ರಾಶಿ ರಾಶಿಯಾಗಿ ಬರುತ್ತವೆಂದು ಹಳೆಯ ಪಟ್ಟಿಗಳು ಹೇಳುತ್ತಿದ್ದವು. ನನ್ನ ಚಿತ್ರದಲ್ಲಿ ಮೇಲಿನಿಂದ ಮಾತ್ರ ತಿಳಿಯುತ್ತಿದ್ದದ್ದು ಒಬ್ಬ ಆಳಿನ ಎದುರು ಎಷ್ಟು ಪಾತಿಗಳಿವೆ ಎಂಬುದು. ಜನಜೀವನ ವಿಭಾಗಕ್ಕೆ ಕಳಿಸಿದೆ. ಅಡಿಬರಹದಲ್ಲಿ ಕಾವ್ಯ ಬೇಡವೆಂದು ತೀರ್ಮಾನಿಸಿ, ಬಣ್ಣ ಎಲ್ಲಿಂದ ಬರುತ್ತದೆ, ಆ ಮನುಷ್ಯ ಏನು ಮಾಡುತ್ತಿದ್ದಾನೆ ಎಂಬ ಎರಡೇ ವಾಕ್ಯ ಬರೆದೆ. ಗುಲಾಬಿ ನೀರು ಕಂಡರೆ ಕಂಪ್ಯೂಟರಿನ ಕೈವಾಡ ಎಂಬ ಅನುಮಾನ ಈಗ ಎಲ್ಲರಿಗೂ ಬರುತ್ತದೆ. ಪಾಚಿಯ ಹೆಸರು ಆ ಅನುಮಾನಕ್ಕೆ ಉತ್ತರವಾಯಿತು. ಎಸ್‌ಆರ್‌ಜಿಬಿ ಬಣ್ಣದ ಜೆಪೆಗ್, ಕೇಳಿದ ಅಳತೆ, ಕಳಿಸಿದ್ದಾಯಿತು. ಪ್ರತಿ ಚಿತ್ರಕ್ಕೂ ಶುಲ್ಕ ಇದ್ದುದರಿಂದ ಅದೇ ಉಪ್ಪಿನಾಗರದ ಇನ್ನೊಂದು ಕೋನವನ್ನು ಸೇರಿಸಲಿಲ್ಲ. ಒಂದೇ ಜಾಗದ ಎರಡು ಚಿತ್ರ ಕಳಿಸಿದರೆ ಯಾವುದು ಮೇಲೆಂದು ನನಗೇ ಗೊತ್ತಿಲ್ಲ ಎಂದು ಹೇಳಿದಂತೆ.

ತಿಂಗಳುಗಳ ನಂತರ ರಾ ಫೈಲ್ ಕೇಳಿ ಇಮೇಲ್ ಬಂತು. ಡಬ್ಬ ಇದ್ದಲ್ಲೇ ಇತ್ತು, ಕಳಿಸಿದೆ. ಬಹುಮಾನ ಬರಲಿಲ್ಲ, ಮೆಚ್ಚುಗೆ ಪಡೆದವರ ಪಟ್ಟಿಯಲ್ಲಿ ಹೆಸರು ಬಂತು. ಏಕೆ, ಏನು ಎಂಬ ವಿವರಣೆ ಇರಲಿಲ್ಲ, ಇರುವುದೂ ಅಪರೂಪ. ಜೊತೆಗೆ ಪ್ರದರ್ಶನದ ಮುದ್ರಣಕ್ಕೆ ಪೂರ್ಣ ಗಾತ್ರದ ಫೈಲ್ ಕೇಳಿದ್ದರು. 20 ಮೆಗಾಪಿಕ್ಸೆಲ್ಲಿನ 5280 ಪಿಕ್ಸೆಲ್ ಅಗಲದ ಚಿತ್ರ ಇಂಚಿಗೆ 220 ಪಿಕ್ಸೆಲ್ಲಿನಂತೆ 24 ಇಂಚಿಗೆ ಮುದ್ರಣವಾಗುತ್ತದೆ. 120 ಮೀಟರಿನಿಂದ ತೆಗೆದು, ಆಮೇಲೆ ಇದೇ ಚೌಕಟ್ಟಿಗೆ ಕ್ರಾಪ್ ಮಾಡಿದ್ದರೆ ಉಳಿಯುತ್ತಿದ್ದದ್ದು ಎಂಟು ಇಂಚು.