ವಿದೇಶದ ಸೀಟಿಗೆ ಅರ್ಜಿ ಹಾಕುವ ಮುನ್ನ: ನಿಮ್ಮ ಪೈಪೋಟಿ ಯಾರ ಜೊತೆ?

ಕೆಸಿಇಟಿ ಕೌನ್ಸೆಲಿಂಗ್ ಕಂಡ ತುಮಕೂರು, ಕೋಲಾರದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಸರ್ಕಾರಿ ಸೀಟಿನ ಕಟ್‌ಆಫ್ ಬೇರೆ, ಎನ್‌ಆರ್‌ಐ ಕೋಟಾದ ಲೆಕ್ಕ ಬೇರೆ. ವಿದೇಶದ ವಿಷಯ ಬಂದಾಗ ಮಾತ್ರ ಇದು ಮರೆತುಹೋಗುತ್ತದೆ. ರ‍್ಯಾಂಕಿಂಗ್ ಪಟ್ಟಿ ನೋಡಿ ಅರ್ಜಿ ಶುಲ್ಕ ಕಟ್ಟಿಬಿಡುತ್ತಾರೆ. ಮೊದಲು ತಿಳಿಯಬೇಕಾದ್ದು, ಆ ಕೋರ್ಸಿನಲ್ಲಿ ಹೊರದೇಶದವರ ಸೀಟು ಯಾವ ಲೆಕ್ಕಕ್ಕೆ ಬರುತ್ತದೆ ಎಂಬುದು.

ಇಂಗ್ಲೆಂಡಿನ ವೈದ್ಯಕೀಯ ಪದವಿಯಲ್ಲಿ ವಿದೇಶಿಯರಿಗೆ ಇರುವುದು ಸುಮಾರು ಶೇ. 7.5 ಸೀಟು. ಅಲ್ಲಿ ನಿಮಗೆ ಎದುರಾಳಿ ಲಂಡನ್ನಿನ ಹುಡುಗನಲ್ಲ, ದೆಹಲಿ, ದುಬೈ, ಸಿಂಗಪುರದಿಂದ ಅರ್ಜಿ ಹಾಕಿದವರು. ಅಮೆರಿಕದ ಪದವಿ ಪ್ರವೇಶದಲ್ಲಿ ಹಣದ ಪ್ರಶ್ನೆಯೂ ಸೇರುತ್ತದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಯಂಥ ಕೆಲವೇ ಕಡೆ ವಿದೇಶಿ ವಿದ್ಯಾರ್ಥಿ ಧನಸಹಾಯ ಕೇಳಿದ್ದು ಆಯ್ಕೆಗೆ ಅಡ್ಡಬರುವುದಿಲ್ಲ. ಉಳಿದ ಬಹುತೇಕ ಕಡೆ ಬರುತ್ತದೆ. ಮನೆಯ ಶಕ್ತಿ ಎಷ್ಟೆಂದು ಅರ್ಜಿಗೆ ಮೊದಲೇ ಕೂತು ಲೆಕ್ಕ ಹಾಕಿ.

ಬಿಇ, ಬಿಎಸ್‌ಸಿ ಮುಗಿಸಿದವರು ಜರ್ಮನಿಯತ್ತ ನೋಡುವುದು ಒಳ್ಳೆಯದು. ಅಲ್ಲಿ ಸೀಟಿಗೆ ಮಿತಿಯೇ ಇಲ್ಲದ ಸ್ನಾತಕೋತ್ತರ ಕೋರ್ಸುಗಳಿವೆ. ಕೋರ್ಸಿನ ಪುಟದಲ್ಲಿ ‘ತ್ಸುಲಾಸುಂಗ್ಸ್‌ಫ್ರೈ’ (zulassungsfrei) ಎಂದಿದ್ದರೆ ಅರ್ಹತೆ ಇದ್ದವರಿಗೆಲ್ಲ ಪ್ರವೇಶ. ಪೈಪೋಟಿ ಮಾತೇ ಇಲ್ಲ. ಐದು ಅರ್ಜಿ ಹಾಕುವುದಾದರೆ ಕನಿಷ್ಠ ಎರಡು ಇಂಥವಿರಲಿ.

ಅರ್ಹತೆಗೆ ನಮ್ಮ ಅಂಕವನ್ನು ಅವರ ಗ್ರೇಡಿಗೆ ತಿರುಗಿಸುತ್ತಾರೆ. ಗರಿಷ್ಠ ಅಂಕದಲ್ಲಿ ನಿಮ್ಮ ಅಂಕ ಕಳೆಯಿರಿ. ಬಂದದ್ದನ್ನು, ಗರಿಷ್ಠದಲ್ಲಿ ಪಾಸಿನ ಅಂಕ ಕಳೆದಾಗ ಉಳಿಯುವ ಸಂಖ್ಯೆಯಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. 1 ಅತ್ಯುತ್ತಮ, 4 ಬರೀ ಪಾಸು. ಶೇ. 75 ಪಡೆದವರಿಗೆ ಪಾಸಿನ ಅಂಕ 40 ಆದರೆ 2.25 ಬರುತ್ತದೆ. ಪಾಸಿನ ಅಂಕವನ್ನು 50 ಎಂದು ಹಿಡಿದರೆ ಅದೇ ಅಂಕ 2.5ಕ್ಕೆ ಕುಸಿಯುತ್ತದೆ. ಕಟ್‌ಆಫ್ 2.3 ಇದ್ದರೆ ಅಷ್ಟಕ್ಕೇ ಸೀಟು ಹೋಯಿತು. ಹಾಗಾಗಿ ಎಲ್ಲ ಸೆಮಿಸ್ಟರುಗಳ ಅಂಕ ಸೇರಿಸಿ ವಿಶ್ವವಿದ್ಯಾಲಯ ಕೊಡುವ ಟ್ರಾನ್ಸ್‌ಕ್ರಿಪ್ಟಿನಲ್ಲಿ ಕನಿಷ್ಠ ಉತ್ತೀರ್ಣ ಅಂಕ ಸ್ಪಷ್ಟವಾಗಿ ಅಚ್ಚಾಗಿದೆಯೇ ನೋಡಿ. ಇಲ್ಲದಿದ್ದರೆ ವಿಶ್ವವಿದ್ಯಾಲಯದಿಂದಲೇ ಪತ್ರ ಬರೆಸಿಕೊಳ್ಳಿ.

ಟ್ರಾನ್ಸ್‌ಕ್ರಿಪ್ಟ್ ಕೇಳಬೇಕಾದ್ದು ಅಂಕಪಟ್ಟಿಯ ನೆತ್ತಿಯ ಮೇಲೆ ಹೆಸರಿರುವ ವಿಶ್ವವಿದ್ಯಾಲಯದಲ್ಲಿ. ಕೋಲಾರ, ಚಿಕ್ಕಬಳ್ಳಾಪುರದ ಕಾಲೇಜುಗಳ ಹಳೆಯ ಪದವೀಧರರಲ್ಲಿ ಹಲವರ ಪಟ್ಟಿ ಬೆಂಗಳೂರು ವಿಶ್ವವಿದ್ಯಾಲಯದ್ದು. ಅವರಿಗೆ, ಆ ಕಾಲೇಜುಗಳು ಈಗ ಸೇರಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದಲ್ಲಿ ಅಲೆದು ಪ್ರಯೋಜನವಿಲ್ಲ.

ಇನ್ನು ಹೆಸರು. ಎಸ್‌ಎಸ್‌ಎಲ್‌ಸಿ ಪಟ್ಟಿಯಲ್ಲಿ ‘ಮಂಜುನಾಥ ಕೆ. ಎನ್.’, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರು, ತಂದೆಯ ಹೆಸರು ಸೇರಿಸಿ ಬರೆದಿರುತ್ತದೆ. ನಮ್ಮ ಕಡೆ ಇದು ಸಹಜ, ಅಲ್ಲಿ ಕೂತು ಕಡತ ನೋಡುವವರಿಗೆ ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಅರ್ಜಿಯಲ್ಲಿ ಪಾಸ್‌ಪೋರ್ಟಿನ ಹೆಸರನ್ನೇ ಬಳಸಿ. ಎರಡೂ ಒಬ್ಬರದೇ ಎಂಬ ಅಫಿಡವಿಟ್ಟನ್ನು ನೋಟರಿಯ ಮುಂದೆ ಇಂಗ್ಲಿಷಿನಲ್ಲಿ ಮಾಡಿಸಿ ಜೊತೆಗಿಡಿ.

ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ನವೆಂಬರ್ 2022ರಿಂದ ಎಪಿಎಸ್ ಪ್ರಮಾಣಪತ್ರ, ಅಂದರೆ ನಿಮ್ಮ ಅಂಕಪಟ್ಟಿ, ಪದವಿ ಅಸಲಿ ಎಂದು ಪರಿಶೀಲಿಸಿ ಕೊಡುವ ಪತ್ರ ಬೇಕು. ಇದಕ್ಕೆ ವಾರಗಳು ಹಿಡಿಯುತ್ತವೆ, ಕೊನೆಗೆ ಇಟ್ಟುಕೊಳ್ಳಬೇಡಿ. ಹಲವು ಜರ್ಮನ್ ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ಪರಿಶೀಲಿಸುವ ಊನಿ-ಅಸಿಸ್ಟ್ (uni-assist) ಸಂಸ್ಥೆಯ ಮೂಲಕವಾದರೆ ಮೊದಲ ಅರ್ಜಿಗೆ 75 ಯೂರೊ, ಅದೇ ಸೆಮಿಸ್ಟರಿನ ಮುಂದಿನ ಪ್ರತಿಯೊಂದಕ್ಕೂ 30. ಚಳಿಗಾಲದ ಸೆಮಿಸ್ಟರಿಗೆ ಜುಲೈ 15 ಸಾಮಾನ್ಯ ಗಡುವಾದರೂ ಹಲವು ಕೋರ್ಸುಗಳು ಯುರೋಪಿನಾಚೆಯವರಿಗೆ ತಿಂಗಳುಗಳ ಮೊದಲೇ ಬಾಗಿಲು ಹಾಕುತ್ತವೆ. ಗಡುವು ಎಂದರೆ ಅರ್ಜಿ ಅವರ ಕೈಸೇರಬೇಕಾದ ದಿನ, ನೀವು ಕಳಿಸುವ ದಿನವಲ್ಲ.