ಕಿಲ್ ಮೈನಸ್ ನೈನ್ ಹೊಡೆಯುವ ಮುನ್ನ

ಸರ್ವರ್ ನೋಡಿಕೊಳ್ಳುವ ನಮ್ಮ ಗೆಳೆಯರ ಗುಂಪಿನಲ್ಲಿ ಎಲ್ಲದಕ್ಕೂ ಒಂದೇ ಮದ್ದು: "ಕಿಲ್ ಮೈನಸ್ ನೈನ್ ಹೊಡಿ ಮಗಾ!" ಅಂದರೆ ಪ್ರೋಗ್ರಾಂ ನಿಲ್ಲಿಸುವ ಕಿಲ್ ಕಮಾಂಡನ್ನು 9 ಅನ್ನುವ ಅತಿ ಕಠಿಣ ರೂಪದಲ್ಲಿ ಕೊಡುವುದು. ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಹ್ಯಾಂಗ್ ಆದರೂ ಅದೇ, ಮೀಟಿಂಗ್ ಮುಗಿಯದಿದ್ದರೂ ಅದೇ. ಈ ತಮಾಷೆ ನನಗೂ ಇಷ್ಟ. ಆದರೆ ಕೆಲಸಕ್ಕೆ ಕೂತಾಗ ನಾನು ಒಂಬತ್ತರಿಂದ ಶುರು ಮಾಡುವುದಿಲ್ಲ.

ಸುಮ್ನೆ ಕಿಲ್ ಅಂತ ಪಿಐಡಿ (ಪ್ರೋಸೆಸ್‌ನ ನಂಬರ್) ಕೊಟ್ಟರೆ ಹೋಗುವುದು 15ನೇ ಸಿಗ್ನಲ್, ಸಿಗ್‌ಟರ್ಮ್, ಅಂದರೆ 'ಮುಗಿಸಿಕೋ' ಅನ್ನುವ ಸೂಚನೆ. ಪ್ರೋಗ್ರಾಂಗೆ ಫೈಲ್ ಮುಚ್ಚಲು, ಲಾಕ್ ಬಿಡಲು ಸಮಯ ಸಿಗುತ್ತದೆ. 9ನೇ ಸಿಗ್‌ಕಿಲ್‌ನಲ್ಲಿ ಅದಿಲ್ಲ, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್ಲೇ ಮುಗಿಸಿಬಿಡುತ್ತದೆ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನಲ್ಲಿ ಒಂದೇ ಒಂದು ಕನೆಕ್ಷನ್‌ನ ಪ್ರೋಸೆಸ್‌ಗೆ 9 ಹೊಡೆದರೂ ಉಳಿದ ಕನೆಕ್ಷನ್‌ಗಳೆಲ್ಲ ಕಡಿದುಹೋಗಿ ಡೇಟಾಬೇಸ್ ರಿಕವರಿಗೆ ಇಳಿಯುತ್ತದೆ. ಬೇರೆಯವರ ಕೆಲಸವೂ ಹಾಳು, ಅಲ್ವಾ?

9ಕ್ಕೂ ಜಗ್ಗದವು ಇವೆ. ಒಂದು ರಾತ್ರಿ ಬ್ಯಾಕಪ್ ನಿಂತುಬಿಟ್ಟಿತ್ತು. ಗೆಳೆಯ ಮೇಲಿಂದ ಮೇಲೆ 9 ಹೊಡೆಯುತ್ತಿದ್ದ. "ಇದರ ಹತ್ರ ಯಮನೂ ಬರಲ್ಲ ಕಣೋ" ಅಂದ. ಎಲ್ಲರೂ ನಕ್ಕೆವು. ನಾನು ಪ್ರೋಸೆಸ್‌ಗಳ ಪಟ್ಟಿ ತೋರಿಸುವ ಪಿಎಸ್ ಕಮಾಂಡ್ ಹಾಕಿ, ಅವುಗಳ ಸ್ಥಿತಿ ಹೇಳುವ ಸ್ಟ್ಯಾಟ್ ಕಾಲಂ ನೋಡಿದೆ. ಅಲ್ಲಿ ಡಿ ಅಂತ ಇತ್ತು. ಅಂದರೆ ಪ್ರೋಸೆಸ್ ಕರ್ನೆಲ್ ಒಳಗೆ ಡಿಸ್ಕ್‌ನ ಉತ್ತರಕ್ಕೆ ಕಾಯುತ್ತಿದೆ. ಉತ್ತರ ಬರುವ ತನಕ ಯಾವ ಸಿಗ್ನಲ್ಲೂ ನಾಟುವುದಿಲ್ಲ. ಕರ್ನೆಲ್ ಲಾಗ್ ತೆರೆದರೆ ಯುಎಸ್‌ಬಿ ಡಿಸ್ಕ್ ರಿಸೆಟ್ ಆಗುತ್ತಲೇ ಇದೆ. ಕೇಬಲ್ ಕಿತ್ತೆವು. ಕಾಯುತ್ತಿದ್ದ ರೀಡ್ ಎರರ್ ಆಗಿ ವಾಪಸ್ ಬಂತು, ಬಾಕಿ ಇದ್ದ 9 ಆಗ ತಗುಲಿತು. ಪ್ರೋಸೆಸ್ ಹೋಯಿತು.

ಸ್ಟ್ಯಾಟ್‌ನಲ್ಲಿ ಝಡ್ ಕಂಡರೆ ಜೋಂಬಿ, ಅಂದರೆ ಸತ್ತೂ ಪಟ್ಟಿಯಲ್ಲಿ ಉಳಿದ ಪ್ರೋಸೆಸ್. "ಸತ್ತವನನ್ನ ಇನ್ನೆಷ್ಟು ಸಲ ಕೊಲ್ತೀಯಾ?" ಅನ್ನುವ ಜೋಕ್ ಇಲ್ಲಿ ಅಕ್ಷರಶಃ ನಿಜ. ಸತ್ತ ಸುದ್ದಿಯನ್ನು ಪೇರೆಂಟ್ (ಅದನ್ನು ಹುಟ್ಟಿಸಿದ ಪ್ರೋಸೆಸ್) ಇನ್ನೂ ಕೇಳಿಕೊಂಡಿಲ್ಲ, ಅಷ್ಟೇ. ಆಗ ನಾನು ಪೇರೆಂಟ್ ಅನ್ನು ರೀಸ್ಟಾರ್ಟ್ ಮಾಡುತ್ತೇನೆ. ಜೋಂಬಿಯನ್ನು ಇನಿಟ್ (ಸಿಸ್ಟಮ್‌ನ ಮೊದಲ ಪ್ರೋಸೆಸ್) ವಹಿಸಿಕೊಂಡು ಪಟ್ಟಿಯಿಂದ ತೆಗೆಯುತ್ತದೆ.

ಗುಂಪಿನ ಹಿರಿಯರಿಗೆ ಜಾಸ್ತಿ ನಗು ಬರುವುದು ಕಿಲ್‌ಆಲ್ ಅನ್ನುವ ಕಮಾಂಡಿನ ಮಾತಿಗೆ. ಲಿನಕ್ಸ್‌ನಲ್ಲಿ ಅದು ಹೆಸರು ಹೇಳಿದ ಪ್ರೋಸೆಸ್‌ಗಳನ್ನಷ್ಟೇ ಮುಗಿಸುತ್ತದೆ. ಸೋಲಾರಿಸ್ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನಲ್ಲಿ ಓಡುತ್ತಿರುವ ಪ್ರೋಸೆಸ್‌ಗಳನ್ನೆಲ್ಲ ಮುಗಿಸಿ ಇಡೀ ಮಷೀನನ್ನೇ ಖಾಲಿ ಮಾಡುತ್ತದೆ. ಹಾಗಾಗಿ ನಾನು ಅದನ್ನು ಬಳಸುವುದೇ ಇಲ್ಲ. ಮೊದಲು ಹೆಸರಿನಿಂದ ಪ್ರೋಸೆಸ್ ಹುಡುಕುವ ಪಿಗ್ರೆಪ್‌ನಲ್ಲಿ ಯಾರ್ಯಾರು ಸಿಗುತ್ತಾರೆ ಅಂತ ನೋಡುತ್ತೇನೆ, ಆಮೇಲೆ ಅದೇ ಹೆಸರಿಗೆ ಸಿಗ್ನಲ್ ಕಳಿಸುವ ಪಿಕಿಲ್. ಇವೆರಡೂ ಹುಟ್ಟಿದ್ದು ಸೋಲಾರಿಸ್‌ನಲ್ಲೇ. ಅಲ್ಲೂ ನಡೆಯುತ್ತವೆ, ಲಿನಕ್ಸ್‌ನಲ್ಲೂ ನಡೆಯುತ್ತವೆ.