ಎಚ್‌ಡಿಆರ್ ಆನ್ ಮಾಡಿದರೆ ಸ್ಕ್ರೀನ್ ಮಂಕಾಗುತ್ತಾ?

ವಿಜಯಪುರದ ಸ್ಟುಡಿಯೊ ಗೆಳೆಯರೇ, ಗೋಳಗುಮ್ಮಟದ ಮುಂದೆ ತೆಗೆದ ವಿಡಿಯೊ ಫೋನಿನಲ್ಲಿ ಚೆಂದ, ಕಂಪ್ಯೂಟರಿನಲ್ಲಿ ಮಂಕು ಅಂತ ಬಹಳ ಮಂದಿ ಕೇಳುತ್ತಿದ್ದೀರಿ. ಸುಮ್ನೆ ಮಾನಿಟರ್ ಬದಲಿಸಬೇಡಿ. ಎಚ್‌ಡಿಆರ್ ಅಂದರೆ ತೀರಾ ಬೆಳಕು, ತೀರಾ ಕತ್ತಲು ಎರಡನ್ನೂ ವಿವರವಾಗಿ ತೋರಿಸುವ ವಿಧಾನ; ಅದರ ಸೆಟ್ಟಿಂಗ್ ಮೊದಲು ನೋಡಿ.

ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅದರೊಳಗೆ ಎಚ್‌ಡಿಆರ್ ತೆರೆಯಿರಿ. ಅಲ್ಲಿ ‘ಎಸ್‌ಡಿಆರ್ ಕಂಟೆಂಟ್ ಬ್ರೈಟ್‌ನೆಸ್’ ಸ್ಲೈಡರ್ ಇದೆ (ಎಸ್‌ಡಿಆರ್ ಅಂದರೆ ಎಚ್‌ಡಿಆರ್ ಅಲ್ಲದ ಮಾಮೂಲಿ ಚಿತ್ರ). ಎಚ್‌ಡಿಆರ್ ಆನ್ ಇದ್ದಾಗ ಡೆಸ್ಕ್‌ಟಾಪ್, ವೆಬ್‌ಪುಟ, ಮಾಮೂಲಿ ವಿಡಿಯೊ ಎಷ್ಟು ಬೆಳ್ಳಗೆ ಕಾಣಬೇಕು ಅನ್ನುವುದು ಇದರ ಕೈಯಲ್ಲಿದೆ. ಬಿಳಿ ಪುಟ ಕಣ್ಣಿಗೆ ಹಿತ ಅನಿಸುವಷ್ಟು ಏರಿಸಿ. ಮುಕ್ಕಾಲು ಪಾಲು ತೊಂದರೆ ಇಲ್ಲೇ ಮುಗಿಯುತ್ತದೆ.

ಆಮೇಲೆ ಮೈಕ್ರೋಸಾಫ್ಟ್ ಸ್ಟೋರಿನಿಂದ ಸ್ಕ್ರೀನಿನ ಅಳತೆ ಹೊಂದಿಸುವ ‘ವಿಂಡೋಸ್ ಎಚ್‌ಡಿಆರ್ ಕ್ಯಾಲಿಬ್ರೇಷನ್’ ಆ್ಯಪ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಅದು ತೋರಿಸುವ ಗುರುತು ಕಾಣದಂತಾಗುವವರೆಗೆ ಸ್ಲೈಡರ್ ಸರಿಸಬೇಕು. ಕಪ್ಪಿಗೂ ಗರಿಷ್ಠ ಬೆಳಕಿಗೂ ಬೇರೆ ಬೇರೆ ಹಂತ ಇದೆ. ಇದನ್ನು ಮಟಮಟ ಮಧ್ಯಾಹ್ನ ಮಾಡಲೇಬೇಡಿ. ನಮ್ಮ ಕಡೆಯ ಬಿಸಿಲು ಸ್ಕ್ರೀನಿಗೆ ಬಿದ್ದರೆ ಕಪ್ಪಿನ ಅಳತೆ ಖಂಡಿತ ತಪ್ಪುತ್ತದೆ. ಸಂಜೆ, ನೀವು ದಿನಾ ಕೆಲಸ ಮಾಡುವ ದೀಪದಲ್ಲೇ ಮಾಡಿ.

ಮಾನಿಟರಿನ ಸ್ವಂತ ಮೆನುವಿನಲ್ಲೂ ಎಚ್‌ಡಿಆರ್ ಮೋಡ್ ಇರುತ್ತದೆ, ಅದನ್ನು ಮೊದಲೇ ಆರಿಸಿಕೊಳ್ಳಿ. ಆಮೇಲೆ ಬದಲಿಸಿದರೆ ಅಳತೆ ಮತ್ತೆ ಮಾಡಬೇಕು.

ಮಾಮೂಲಿ ಮದುವೆ ವಿಡಿಯೊ ಎಡಿಟ್‌ಗೆ ಎಚ್‌ಡಿಆರ್ ಆಫ್ ಇರುವುದೇ ಒಳ್ಳೆಯದು. ಆನ್-ಆಫ್ ಮಾಡಲು ವಿಂಡೋಸ್ ಕೀ, ಆಲ್ಟ್, ಬಿ ಮೂರನ್ನೂ ಒಟ್ಟಿಗೆ ಒತ್ತಿ.